ಕೀಲುವಾತಕ್ಕೂ ಸಕ್ಕರೆಗೂ ಇರುವ ನಂಟು

(ಸಂಸ್ಥೆಯ ವಾರ್ಷಿಕೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಪಾಠ ಹೇಳುವ ಶಿಕ್ಷಕ. ಸಂಧಿ ಎಂದರೆ ನನಗೆ ಮೊದಲು ನೆನಪಾಗುವುದು ವ್ಯಾಕರಣ. ಇಂದು ಮಾತ್ರ ಮೈಯ ಸಂಧಿಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡದಲ್ಲಿ ಸಂಧಿವಾತ, ಕೀಲುವಾತ ಎಂದೂ ಉರ್ದುವಿನಲ್ಲಿ ಗಠಿಯಾ ಎಂದೂ ಕರೆಯುವ ಕಾಯಿಲೆಯಲ್ಲಿ ಹಲವು ಬಗೆಗಳಿವೆ. ವಯಸ್ಸಾದಂತೆ ಮೊಣಕಾಲು ಸವೆಯುವುದು ಒಂದು ಬಗೆ. ನನ್ನ ವಿಷಯ ಇನ್ನೊಂದು ಬಗೆ: ರುಮಟಾಯ್ಡ್ ಸಂಧಿವಾತ.

ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಇಲ್ಲಿ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಎರಡೂ ಕೈಗಳ ಬೆರಳು, ಮಣಿಕಟ್ಟುಗಳು ಊದಿಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ಕೈಯ ಬಿಗಿತ ಬಹಳ ಹೊತ್ತು ಬಿಡುವುದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಮನೆಗೆಲಸದ ನೋವೆಂದು ಅವರು ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ.

ಇದು ಕೈಕಾಲಿನ ಕಾಯಿಲೆ, ಸಕ್ಕರೆ ರಕ್ತದ ಕಾಯಿಲೆ, ಇವೆರಡಕ್ಕೆ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇರುವುದು ಚಯಾಪಚಯದಲ್ಲಿ. ಚಯ ಎಂದರೆ ಕೂಡಿಸುವುದು, ಅಪಚಯ ಎಂದರೆ ಒಡೆಯುವುದು. ತಿಂದ ಅನ್ನ, ರೊಟ್ಟಿ ಸಕ್ಕರೆಯಾಗಿ ರಕ್ತ ಸೇರುತ್ತದೆ. ಆ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿ ಎಂದು ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳಿಗೆ ಹೇಳುವುದು ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್.

ಪಕ್ಕದ ಕೊಠಡಿಯಲ್ಲಿ ಗಲಾಟೆಯಿದ್ದರೆ ಶಿಕ್ಷಕರ ಮಾತು ಮಕ್ಕಳಿಗೆ ಕೇಳಿಸುವುದಿಲ್ಲ. ಶಿಕ್ಷಕರು ದನಿ ಏರಿಸಬೇಕು. ದಿನವೂ ಹೀಗಾದರೆ ಗಂಟಲು ಕಟ್ಟುತ್ತದೆ. ನಮ್ಮ ದೇಹದೊಳಗೂ ಹೀಗೆಯೇ. ಕೀಲಿನ ಉರಿಯೂತದಿಂದ ಹೊರಡುವ ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳು ರಕ್ತದ ಮೂಲಕ ಮೈಯೆಲ್ಲ ಹರಡಿ, ಜೀವಕೋಶಗಳಲ್ಲಿ ಇನ್ಸುಲಿನ್ ಮಾತು ಕೇಳಿಸದಂತೆ ಮಾಡುತ್ತವೆ. ಇದೇ ಇನ್ಸುಲಿನ್ ಪ್ರತಿರೋಧ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ; ಅದು ದಣಿದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಟಿ.ಎನ್.ಎಫ್. ಇನ್ಸುಲಿನ್ ಕೆಲಸಕ್ಕೆ ಅಡ್ಡಬರುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿಗಳು 1993ರಲ್ಲೇ ಬೊಜ್ಜಿನ ಇಲಿ ಹೆಗ್ಗಣಗಳಲ್ಲಿ ತೋರಿಸಿದ್ದರು.

ಎರಡನೆಯ ಕಾರಣ ಸ್ನಾಯು. ಊಟದ ನಂತರ ಸಕ್ಕರೆಯ ದೊಡ್ಡ ಪಾಲನ್ನು ಹೀರಬೇಕಾದ್ದು ಸ್ನಾಯುಗಳು. ಈ ರೋಗದಲ್ಲಿ ಉರಿಯೂತದಿಂದಲೂ ಓಡಾಟ ಕಡಿಮೆಯಾಗುವುದರಿಂದಲೂ ಸ್ನಾಯು ಕರಗಿ, ಆ ಜಾಗಕ್ಕೆ ಕೊಬ್ಬು ಬರಬಹುದು. ತೂಕ ನೋಡಿದರೆ ಮೊದಲಿನಷ್ಟೇ ಇರುತ್ತದೆ. ಆದ್ದರಿಂದ 'ತೆಳ್ಳಗಿದ್ದಾರೆ, ಸಕ್ಕರೆ ಬರುವುದಿಲ್ಲ' ಎಂಬ ಮಾತನ್ನು ನಂಬಬೇಡಿ.

ಮೂರನೆಯದು ಔಷಧಿ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಅವರು ಸಂಧಿವಾತದ ರೋಗಿಯೊಬ್ಬರಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ರೋಗಿ ಎದ್ದು ನಡೆದಾಡಿದರು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೆ ಈ ಸ್ಟೀರಾಯ್ಡ್‌ಗಳು ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಬೆಳಿಗ್ಗೆ ಪ್ರೆಡ್ನಿಸೊಲೋನ್ ಮಾತ್ರೆ ನುಂಗಿದರೆ ಸಕ್ಕರೆ ಏರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಖಾಲಿ ಹೊಟ್ಟೆಯ ಪರೀಕ್ಷೆಯೊಂದನ್ನೇ ನೋಡಿದರೆ ಇದು ತಪ್ಪಿಹೋಗಬಹುದು. ಊಟದ ನಂತರದ ಪರೀಕ್ಷೆಯೂ ಬೇಕು.

ಹೀಗೆಂದು ಹೆದರಿ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಇನ್ನೂ ಅಪಾಯ. ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರು ವೈದ್ಯರು ಹೇಳಿದಂತೆ ನಿಧಾನವಾಗಿಯೇ ಕಡಿಮೆ ಮಾಡಬೇಕು. ಸಂತೆಯಲ್ಲಿ ಮಾರುವ, ಹೆಸರಿಲ್ಲದ ಕೀಲುನೋವಿನ ಪುಡಿಗಳಿಂದ ದೂರವಿರಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು.

ಸಮಾಧಾನದ ಸಂಗತಿಯೂ ಇದೆ. ಉರಿಯೂತ ಹತೋಟಿಗೆ ಬಂದರೆ ಜೀವಕೋಶಗಳಿಗೆ ಇನ್ಸುಲಿನ್ ಮಾತು ಮತ್ತೆ ಕೇಳಿಸತೊಡಗುತ್ತದೆ. ಟಿ.ಎನ್.ಎಫ್. ತಡೆಯುವ ಚುಚ್ಚುಮದ್ದು ಪಡೆದ ಹಲವು ರೋಗಿಗಳಲ್ಲಿ ಇದು ಕಂಡುಬಂದಿದೆ. ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಸಕ್ಕರೆಯನ್ನು ಸ್ವಲ್ಪ ಇಳಿಸುತ್ತದೆ. ಸಕ್ಕರೆಗೆ ಈಗಾಗಲೇ ಮಾತ್ರೆ ನುಂಗುವವರು ಇದನ್ನು ವೈದ್ಯರ ಗಮನಕ್ಕೆ ತರಬೇಕು. ಕೀಲಿಗೆ ಹೊರೆಯಾಗದ ನಡಿಗೆ, ವ್ಯಾಯಾಮದಿಂದ ಸ್ನಾಯು ಉಳಿಯುತ್ತದೆ. ಬೇಳೆ, ಮೊಟ್ಟೆ, ಮೀನಿನಂಥ ಆಹಾರವೂ ಬೇಕು. ಈ ರೋಗಿಗಳಲ್ಲಿ ಹೃದಯಾಘಾತದ ಸಂಭವವೂ ಹೆಚ್ಚು. ಹಾಗಾಗಿ ಸಕ್ಕರೆಯ ಜೊತೆ ರಕ್ತದೊತ್ತಡ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಬೇಕು, ಬೀಡಿ ಸಿಗರೇಟು ಬಿಡಬೇಕು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ವೈದ್ಯರ ಚೀಟಿ ಓದಬಲ್ಲವರು ನೀವೊಬ್ಬರೇ. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಈ ಕಾಯಿಲೆಗೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಿಳಿಯದೆ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಅಮ್ಮನ, ನಾನಿಯ ಚೀಟಿಯಲ್ಲಿ ಆ ಹೆಸರಿದ್ದರೆ ಯಾವ ವಾರ ಎಂದು ಕೇಳಿಕೊಂಡು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೆಳಿಗ್ಗೆ ಅವರ ಬೆರಳುಗಳು ಮಡಚಲು ಬಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೀಲಿನ ಜೊತೆ ಸಕ್ಕರೆಯನ್ನೂ ನೋಡಿ ಎಂದು ವೈದ್ಯರನ್ನು ಕೇಳಿ. ನೀವು ಕಲಿತ ಅಕ್ಷರ ಮನೆಯವರ ಜೀವ ಕಾಯಲಿ.