ಡಾಕ್ಟರ ಹತ್ರ ಹೋದರೆ ದೂರು ವಾಪಸ್ ತಗೊಂಡಂಗಲ್ಲ

(ಬಳ್ಳಾರಿಯ ಗಾಂಧಿನಗರದಲ್ಲಿ ಕಾಲೇಜು ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಭೂಮಿ, ಕೂಲಿ, ನೀರು, ಗುಡಿ, ಸ್ಕಾಲರ್‌ಶಿಪ್ಪು, ಇವುಗಳ ಮೇಲೆ ನಮ್ಮ ಸಭೆಗಳು ನಡೆದಿವೆ, ಇನ್ನೂ ನಡೀತವೆ. ಇವತ್ತು ನನಗೆ ಕೊಟ್ಟಿರೋ ವಿಷಯ ಬೇರೆ. ಯೂನಿವರ್ಸಿಟಿಗೆ ಬಂದ ನಮ್ಮ ಹುಡುಗ ಹುಡುಗಿಯರಿಗೆ ಮನಸ್ಸು ಕೆಟ್ಟಾಗ ಎಲ್ಲಿಗೆ ಹೋಗಬೇಕು, ಯಾರನ್ನ ಕೇಳಬೇಕು, ಹೋಗೋಕೆ ಯಾಕೆ ಹೆದರ್ತಾರೆ ಅನ್ನೋದು. ಇದು ಸಣ್ಣ ವಿಷಯ ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಎರಡು ಹೆಸರು ಹೇಳ್ತೀನಿ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಣ ಕಳಕೊಂಡ ರೋಹಿತ್ ವೇಮುಲ. 2019ರ ಮೇ 22ರಂದು ಮುಂಬಯಿಯಲ್ಲಿ ಪ್ರಾಣ ಕಳಕೊಂಡ ಡಾ. ಪಾಯಲ್ ತಡವಿ. ಒಬ್ಬ ಸಂಶೋಧಕ, ಒಬ್ಬಳು ಆದಿವಾಸಿ ಸಮುದಾಯದ ಡಾಕ್ಟರು. ಇಬ್ಬರೂ ಓದಿನಲ್ಲಿ ಹಿಂದೆ ಬಿದ್ದವರಲ್ಲ. ಪಾಯಲ್ ಓದ್ತಾ ಕೆಲಸ ಮಾಡ್ತಾ ಇದ್ದದ್ದೇ ನಾಯರ್ ಆಸ್ಪತ್ರೆಯಲ್ಲಿ. ಸುತ್ತ ಅಷ್ಟು ಜನ ಡಾಕ್ಟರುಗಳಿದ್ದೂ ಆಕೆ ಉಳೀಲಿಲ್ಲ.

ಇಂಥ ಸಾವು ಆದ ಮೇಲೆ ಎರಡು ಬಗೆಯ ಮಾತು ಕೇಳಿ ಬರ್ತವೆ. ಅಧಿಕಾರದಲ್ಲಿ ಕೂತವರು ಅಂತಾರೆ, 'ಅವನಿಗೆ ಡಿಪ್ರೆಶನ್ ಇತ್ತು, ಅದು ಅವನ ಸ್ವಂತ ಸಮಸ್ಯೆ, ಜಾತಿಗೂ ಇದಕ್ಕೂ ಸಂಬಂಧ ಇಲ್ಲ.' ರೋಹಿತ್ ವಿಷಯದಲ್ಲಿ ಕೇಂದ್ರ ಸರ್ಕಾರ ನೇಮಿಸಿದ ರೂಪನ್‌ವಾಲ್ ಆಯೋಗ ಹೆಚ್ಚು ಕಡಿಮೆ ಇದನ್ನೇ ಬರೀತು. ಅವನ ವೈಯಕ್ತಿಕ ಹತಾಶೆ ಕಾರಣ, ವಿಶ್ವವಿದ್ಯಾಲಯದ್ದು ತಪ್ಪಿಲ್ಲ ಅಂತು. ಹಾಗಾದರೆ ಐದು ಜನ ದಲಿತ ವಿದ್ಯಾರ್ಥಿಗಳನ್ನ ಹಾಸ್ಟೆಲಿನಿಂದ ಹೊರಗೆ ಹಾಕಿದ್ದು, ಅವರು ಬಯಲಲ್ಲಿ ಮಲಗಿದ್ದು, ಫೆಲೋಶಿಪ್ ದುಡ್ಡು ತಿಂಗಳುಗಟ್ಟಲೆ ಕೈಗೆ ಬಾರದೆ ನಿಂತದ್ದು, ಇವೆಲ್ಲ ರೋಹಿತನ ತಲೆಯೊಳಗೆ ಹುಟ್ಟಿದ ಕಾಯಿಲೆಯಾ?

ಎರಡನೇ ಮಾತು ನಮ್ಮ ಕಡೆಯಿಂದಲೇ ಬರ್ತದೆ. 'ಹೋರಾಟಗಾರನಿಗೆ ಎಂಥಾ ಡಿಪ್ರೆಶನ್ನು? ಅದು ದುಡ್ಡಿದ್ದವರ ರೋಗ. ನೀನು ಸೈಕಿಯಾಟ್ರಿ ಡಾಕ್ಟರ ಹತ್ರ ಹೋದರೆ ಹುಚ್ಚ ಅಂತ ಬರೀತಾರೆ, ಆಮೇಲೆ ನಿನ್ನ ಜಾತಿ ನಿಂದನೆ ದೂರು ಬಿದ್ದೋಗ್ತದೆ.' ಹಿಂಗಂತ ಹೇಳೋರು ಕೆಟ್ಟವರಲ್ಲ. ಮೊದಲನೇ ಮಾತನ್ನ ಕೇಳಿ ಕೇಳಿ ಹೆದರಿದವರು. ಆದರೆ ಮೊದಲ ಮಾತು ದೂರನ್ನ ಮುಚ್ಚಿಹಾಕುತ್ತೆ, ಎರಡನೇ ಮಾತು ಹುಡುಗನನ್ನ ಒಂಟಿ ಮಾಡುತ್ತೆ. ಎರಡನ್ನೂ ನಾವು ಒಪ್ಪಬಾರದು.

ಊರಲ್ಲಿ ಹೊಡೆತ ಬಿದ್ದಾಗ ನಾವು ಏನು ಮಾಡ್ತೀವಿ? ಮೊದಲು ಆಸ್ಪತ್ರೆಗೆ ಹೊತ್ಕೊಂಡು ಹೋಗ್ತೀವಿ. ಡಾಕ್ಟರು ಗಾಯ ನೋಡಿ ಬರೀತಾರೆ. ಆ ಕಾಗದ ಇಟ್ಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗ್ತೀವಿ. ಹೊಡೆಸಿಕೊಂಡವನು ಹೊಲಿಗೆ ಹಾಕಿಸಿಕೊಂಡ, ಅದಕ್ಕೇ ಅವನ ಕೇಸು ಬಿದ್ದೋಯ್ತು ಅಂತ ಯಾರಾದ್ರೂ ಅಂತಾರಾ? ಮನಸ್ಸಿಗೆ ಬಿದ್ದ ಹೊಡೆತಕ್ಕೂ ಅದೇ ನ್ಯಾಯ. ಗಾಯಕ್ಕೆ ಚಿಕಿತ್ಸೆ ಬೇಕು, ಗಾಯ ಮಾಡಿದವನ ಮೇಲೆ ದೂರೂ ಬೇಕು. ಡಾಕ್ಟರ ಚೀಟಿಯಲ್ಲಿ ತಾರೀಖು ಇರ್ತದೆ. ಯಾವಾಗಿನಿಂದ ನಿದ್ದೆ ಇಲ್ಲ, ಯಾಕೆ ಇಲ್ಲ ಅಂತ ನೀನು ಹೇಳಿದ್ದನ್ನ ಬರೆದಿರ್ತಾರೆ. ಆ ಚೀಟಿ ನಿನ್ನ ದೂರಿಗೆ ವೈರಿ ಅಲ್ಲ.

ಅಳೋದು ಸ್ವಾಭಿಮಾನಕ್ಕೆ ಕಮ್ಮಿ ಅನ್ನೋರಿಗೆ ಒಂದು ಮಾತು. ಬಾಬಾಸಾಹೇಬರು ಅಮೆರಿಕ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದರು. ಇಳಕೊಳ್ಳೋಕೆ ಜಾಗ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಇದ್ದರೆ, ಜಾತಿ ಗೊತ್ತಾಗಿ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಬಹಳ ವರ್ಷ ಆದ ಮೇಲೂ ಅದನ್ನ ನೆನೆಸಿಕೊಂಡರೆ ಕಣ್ಣಲ್ಲಿ ನೀರು ಬರ್ತದೆ ಅಂತ ಅವರೇ ಬರೆದಿದ್ದಾರೆ. ಸಂವಿಧಾನ ಬರೆದ ಮನುಷ್ಯ ತನ್ನ ಕಣ್ಣೀರನ್ನ ಮುಚ್ಚಿಡಲಿಲ್ಲ. ನಾವ್ಯಾಕೆ ಮುಚ್ಚಿಡಬೇಕು?

ಈಗ ನಮ್ಮ ಜಿಲ್ಲೆಗೆ ಬರೋಣ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ, ಸಂಡೂರಿನ ಗಣಿಯಲ್ಲಿ, ಬಳ್ಳಾರಿಯ ಜೀನ್ಸ್ ಹೊಲಿಗೆಯಲ್ಲಿ ದುಡಿಯೋ ಅಪ್ಪ ಅವ್ವನ ಮಗ, ಮನೆತನಕ್ಕೇ ಮೊದಲನೆಯವನಾಗಿ ಎಂ.ಎ. ಮಾಡೋಕೆ ಬರ್ತಾನೆ. ಅವನ ಬೆನ್ನ ಮೇಲೆ ಪುಸ್ತಕ ಮಾತ್ರ ಇರೋದಿಲ್ಲ. ಮನೆಯ ಸಾಲ ಇರ್ತದೆ, ತಂಗಿ ಮದುವೆ ಇರ್ತದೆ, ಕೇರಿಯ ಆಸೆ ಇರ್ತದೆ. ಸ್ಕಾಲರ್‌ಶಿಪ್ ತಡ ಆಗ್ತದೆ. ಕ್ಲಾಸಿನಲ್ಲಿ 'ಕೋಟಾದವನು' ಅನ್ನೋ ಪಿಸುಮಾತು. ಇಂಗ್ಲಿಷ್ ಪೇಪರ್ ಅರ್ಥ ಆಗೋದಿಲ್ಲ. ಊರಿಂದ ಫೋನ್ ಬಂದರೆ 'ಆರಾಮ್ ಅದೀನಿ ಅವ್ವಾ' ಅಂತ ಸುಳ್ಳು ಹೇಳ್ತಾನೆ. ಕ್ರಮೇಣ ನಿದ್ದೆ ಹೋಗ್ತದೆ, ಊಟ ಸೇರೋದಿಲ್ಲ, ಓದಿದ್ದು ತಲೆಗೆ ಹತ್ತೋದಿಲ್ಲ, ಯಾರ ಜೊತೆಗೂ ಮಾತು ಬೇಡ ಅನ್ನಿಸ್ತದೆ. ಇಂಥದ್ದು ಎರಡು ವಾರ ಬಿಡದೆ ನಡೆದರೆ ಅದು ಸೋಮಾರಿತನ ಅಲ್ಲ, ಗಾಳಿ ಸೋಕಿದ್ದೂ ಅಲ್ಲ, ಮಾಟವೂ ಅಲ್ಲ. ಡಾಕ್ಟರಿಗೆ ತೋರಿಸಬೇಕಾದ ಕಾಯಿಲೆ. ಯಾರೂ ಇಲ್ಲದಾಗ ದನಿ ಕೇಳಿಸೋದು, ಎಲ್ಲರೂ ನನ್ನ ವಿರುದ್ಧ ಸಂಚು ಮಾಡ್ತಾ ಇದ್ದಾರೆ ಅಂತ ಗಟ್ಟಿಯಾಗಿ ನಂಬೋದು ಇದ್ದರೆ ಇನ್ನೂ ಬೇಗ ತೋರಿಸಬೇಕು. ಸಾಯಬೇಕು ಅನ್ನೋ ಮಾತು ಯಾರ ಬಾಯಲ್ಲಿ ಬಂದರೂ ಅವರನ್ನ ಒಂಟಿ ಬಿಡಬಾರದು. ಅವತ್ತೇ ಕರಕೊಂಡು ಹೋಗಬೇಕು.

ಎಲ್ಲಿಗೆ ಅಂತ ಕೇಳ್ತೀರಿ. ಇದನ್ನ ಬಳ್ಳಾರಿಯವರು ಕೇಳಬೇಕಾಗಿ ಬಂದದ್ದೇ ವಿಚಿತ್ರ. ಯಾಕಂದ್ರೆ ಮನಸ್ಸಿನ ಚಿಕಿತ್ಸೆಯನ್ನ ಹಳ್ಳಿಗೆ ತಗೊಂಡು ಹೋಗಬಹುದು ಅಂತ ಇಡೀ ದೇಶಕ್ಕೆ ತೋರಿಸಿದ್ದು ಇದೇ ಜಿಲ್ಲೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮತ್ತು ರಾಜ್ಯ ಸರ್ಕಾರ ಸೇರಿ ಇಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಆಗ ಜಿಲ್ಲೆಯ ಜನಸಂಖ್ಯೆ ಸುಮಾರು 15 ಲಕ್ಷ. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ವಿಜಯನಗರ ಜಿಲ್ಲೆ ಬೇರೆ ಆದದ್ದು 2021ರಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಮನೆ ಮನೆಗೆ ಹೋಗೋ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಮೂರ್ಛೆ ರೋಗ, ಚಿತ್ತವಿಕಲತೆ, ಖಿನ್ನತೆ ಇಂಥವನ್ನ ಗುರುತು ಹಿಡಿಯೋದು ಹೇಗೆ ಅಂತ ಕಲಿಸಿದರು. ಮಾತ್ರೆಗಳು ಹಳ್ಳಿ ಕಡೆಯ ಕೇಂದ್ರದಲ್ಲೇ ಸಿಗೋ ಹಾಗೆ ಮಾಡಿದರು. 1990ರವರೆಗೆ ಇದು ನಡೀತು. 1996ರಲ್ಲಿ ಕೇಂದ್ರ ಸರ್ಕಾರ ಇದನ್ನೇ ಮಾದರಿ ಮಾಡ್ಕೊಂಡು ಮೊದಲು ಬೇರೆ ರಾಜ್ಯಗಳ 4 ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡ್ತು, ಆಮೇಲೆ ದೇಶಕ್ಕೆಲ್ಲ ಹಬ್ಬಿಸ್ತು. ಮನೋವೈದ್ಯರು ಇವತ್ತಿಗೂ ಅದನ್ನ 'ಬಳ್ಳಾರಿ ಮಾದರಿ' ಅಂತಲೇ ಕರೀತಾರೆ. ನಮ್ಮ ಅಪ್ಪ ಅವ್ವಂದಿರ ಊರುಗಳಲ್ಲಿ ಆದ ಪ್ರಯೋಗ ಇದು. ಅದರ ಫಲ ಕೇಳೋ ಹಕ್ಕು ಅವರ ಮಕ್ಕಳಿಗೆ ಇದೆ.

ಈಗ ಇರೋ ಜಾಗಗಳನ್ನ ಬರಕೊಳ್ಳಿ. ಒಂದು, ಕಂಟೋನ್ಮೆಂಟಿನ ದೊಡ್ಡಾಸ್ಪತ್ರೆ. 1961ರಲ್ಲಿ ಶುರುವಾದ ಸರ್ಕಾರಿ ಮೆಡಿಕಲ್ ಕಾಲೇಜಿನದು. ನೀವೆಲ್ಲ ವಿಮ್ಸ್ ಅಂತ ಕರೆಯೋದು. ಈಗ ಅದರ ಹೆಸರು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ. ಓಪಿ ಚೀಟಿ ಮಾಡಿಸುವಾಗ 'ಸೈಕಿಯಾಟ್ರಿ' ಅಂತ ಹೇಳಿ, ನಾಚಿಕೆ ಪಡಬೇಡಿ. ಎರಡು, ತಾಲೂಕು ಆಸ್ಪತ್ರೆ. ರಾಜ್ಯ ಸರ್ಕಾರ 'ಮನೋಚೈತನ್ಯ' ಅಂತ ಹೆಸರಿಟ್ಟು ಮಂಗಳವಾರದ ದಿನ ಮನೋವೈದ್ಯರನ್ನ ತಾಲೂಕು ಆಸ್ಪತ್ರೆಗೆ ಕಳಿಸೋ ಯೋಜನೆ ಮಾಡಿದೆ. ಊರಿಗೆ ಹೋದಾಗ ಯಾವ ಮಂಗಳವಾರ ಬರ್ತಾರೆ ಅಂತ ವಿಚಾರಿಸಿ. ಬರದಿದ್ದರೆ ಯಾಕೆ ಬರಲಿಲ್ಲ ಅಂತ ಬರೆದು ಕೇಳಿ. ಮೂರು, ಫೋನು. ಟೆಲಿ ಮಾನಸ್, ನಂಬರು 14416. 2022ರ ಅಕ್ಟೋಬರ್ 10ರಂದು ಶುರುವಾಯ್ತು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೌನ್ಸೆಲರ್ ಬೇರೆ, ಸೈಕಿಯಾಟ್ರಿ ಡಾಕ್ಟರ್ ಬೇರೆ. ಕೌನ್ಸೆಲರ್ ಕೂತು ಮಾತು ಕೇಳ್ತಾರೆ, ದಾರಿ ಹುಡುಕೋಕೆ ನೆರವಾಗ್ತಾರೆ, ಮಾತ್ರೆ ಬರೆಯೋದಿಲ್ಲ. ಸೈಕಿಯಾಟ್ರಿಸ್ಟು ಎಂ.ಬಿ.ಬಿ.ಎಸ್. ಮೇಲೆ ಮನಸ್ಸಿನ ರೋಗಗಳನ್ನೇ ಓದಿದ ಡಾಕ್ಟರು, ಬೇಕಾದರೆ ಮಾತ್ರೆ ಕೊಡ್ತಾರೆ. ಖಿನ್ನತೆಯ ಮಾತ್ರೆ ಜ್ವರದ ಮಾತ್ರೆ ಹಂಗೆ ಅವತ್ತೇ ಕೆಲಸ ಮಾಡೋದಿಲ್ಲ. ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ತಗೊಂಡು 'ಏನೂ ಆಗ್ಲಿಲ್ಲ' ಅಂತ ಎಸೀಬೇಡಿ. ಆರಾಮ ಅನ್ನಿಸಿದ ಮೇಲೂ ಡಾಕ್ಟರನ್ನ ಕೇಳದೆ ನಿಲ್ಲಿಸಬೇಡಿ.

ಇನ್ನು ಕಾನೂನು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೇ ಕಲಮಿನ ಪ್ರಕಾರ ಚಿಕಿತ್ಸೆ ಸರ್ಕಾರ ಕೊಡಬೇಕಾದ ಹಕ್ಕು. ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ಜಾಗದಲ್ಲಿ ಉಚಿತ, ಕಾರ್ಡು ಕೈಯಲ್ಲಿ ಇಲ್ಲದಿದ್ರೂ ಉಚಿತ. 21ನೇ ಕಲಮು, ಚಿಕಿತ್ಸೆಯಲ್ಲಿ ಜಾತಿ ಭೇದ ಮಾಡಬಾರದು ಅಂತ ಜಾತಿ ಅನ್ನೋ ಶಬ್ದವನ್ನೇ ಹಾಕಿ ಹೇಳ್ತದೆ. 23ನೇ ಕಲಮು, ನಿನ್ನ ವಿಷಯ ಗುಟ್ಟಾಗಿಡಬೇಕು. ಜೀವಕ್ಕೆ ಅಪಾಯ ಅನ್ನೋಂಥ ಕೆಲವು ಸಂದರ್ಭ ಬಿಟ್ಟರೆ ವಾರ್ಡನ್ನಿಗೂ, ಗೈಡಿಗೂ ಹೇಳೋ ಹಾಗಿಲ್ಲ. 25ನೇ ಕಲಮು, ನಿನ್ನ ಚಿಕಿತ್ಸೆಯ ದಾಖಲೆ ನೀನು ಕೇಳಿ ಪಡೀಬಹುದು. ಸಾಯೋಕೆ ಹೋಗಿ ಬದುಕಿದವರ ಮೇಲೆ ಪೊಲೀಸ್ ಕೇಸ್ ಆಗ್ತದೆ ಅನ್ನೋ ಭಯ ಬಹಳ ಜನರಿಗಿದೆ. ಹಳೇ ದಂಡ ಸಂಹಿತೆಯ 309ನೇ ಕಲಮು ಹಂಗಿತ್ತು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಆ ಕಲಮು ಇಲ್ಲ. ಆದ್ದರಿಂದ ಕೇಸಿಗೆ ಹೆದರಿ ಆಸ್ಪತ್ರೆಗೆ ತಡ ಮಾಡಬೇಡಿ.

ಕೌನ್ಸೆಲರ್ ಮುಂದೆ ಕೂತಾಗ ಒಂದು ಕಷ್ಟ ಬರಬಹುದು. 'ನಿಮ್ಮ ಗೈಡು ಜಾತಿ ಹಿಡಿದು ಬೈದರು' ಅಂತ ಹೇಳಿದರೆ 'ನೀನು ಬಹಳ ಮನಸ್ಸಿಗೆ ಹಚ್ಕೋತೀಯ, ಧ್ಯಾನ ಮಾಡು' ಅನ್ನೋರೂ ಇರ್ತಾರೆ. ಅಂಥವರು ಸಿಕ್ಕರೆ ಚಿಕಿತ್ಸೆಯನ್ನೇ ಬಿಡಬೇಡಿ, ಅವರನ್ನ ಬಿಡಿ. ಇನ್ನೊಬ್ಬರನ್ನ ಕೊಡಿ ಅಂತ ಕೇಳಿ. ಗೆಳೆಯನನ್ನ ಜೊತೆಗೆ ಕರಕೊಂಡು ಹೋಗಿ. ಆದದ್ದನ್ನ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದರಲ್ಲಿ ಅರ್ಧ ಡಾಕ್ಟರಿಗೆ ಬೇಕಾಗ್ತದೆ, ಅರ್ಧ ದೂರಿಗೆ ಬೇಕಾಗ್ತದೆ.

ದೂರು ಎಲ್ಲಿ ಕೊಡೋದು? ವಿದ್ಯಾಸಂಸ್ಥೆಗಳಲ್ಲಿ ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯದ ದೂರು ನೋಡೋಕೆ ಒಬ್ಬ ಅಧಿಕಾರಿ ಇರಬೇಕು, 60 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಯುಜಿಸಿ 2012ರಲ್ಲೇ ನಿಯಮ ಮಾಡಿತ್ತು. ನಿಯಮ ಕಾಗದದಲ್ಲೇ ಉಳೀತು ಅಂತ 2019ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿದವರು ಯಾರು ಗೊತ್ತಾ? ರೋಹಿತನ ತಾಯಿ ರಾಧಿಕಾ ವೇಮುಲ, ಪಾಯಲ್ ತಾಯಿ ಆಬೇದಾ ತಡವಿ. ಮಕ್ಕಳನ್ನ ಕಳಕೊಂಡ ಇಬ್ಬರು ತಾಯಂದಿರು ಬೇರೆಯವರ ಮಕ್ಕಳಿಗೋಸ್ಕರ ಕೋರ್ಟಿಗೆ ಹೋದರು. 2025ರ ಜುಲೈನಲ್ಲಿ ಬೇರೊಂದು ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟು, 100ಕ್ಕಿಂತ ಕಮ್ಮಿ ಇಲ್ಲದಷ್ಟು ವಿದ್ಯಾರ್ಥಿಗಳಿರೋ ಪ್ರತಿ ಸಂಸ್ಥೆಯೂ ತರಬೇತಿ ಪಡೆದ ಕೌನ್ಸೆಲರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಬೇಕು, ಟೆಲಿ ಮಾನಸ್ ನಂಬರನ್ನ ಹಾಸ್ಟೆಲಿನಲ್ಲಿ ಎದ್ದು ಕಾಣೋ ಹಾಗೆ ಹಾಕಬೇಕು ಅಂತ ಹೇಳ್ತು.

ಅದಕ್ಕೇ ನಮ್ಮ ಕೇಳಿಕೆ ಇಷ್ಟು. 2010ರಲ್ಲಿ ಶುರುವಾದ ನಮ್ಮ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿರಲಿ, ಜಿಲ್ಲೆಯ ಯಾವ ಡಿಗ್ರಿ ಕಾಲೇಜೇ ಇರಲಿ, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲೇ ಇರಲಿ, ಕೌನ್ಸೆಲರ್ ಯಾರು, ಯಾವ ದಿನ, ಯಾವ ಕೋಣೆಯಲ್ಲಿ ಸಿಗ್ತಾರೆ ಅಂತ ಕನ್ನಡದಲ್ಲಿ ಬೋರ್ಡು ಹಾಕಬೇಕು. ಅವರು ಕನ್ನಡ ಬಲ್ಲವರಾಗಿರಬೇಕು, ಜಾತಿ ಅಂದರೆ ಏನು ಅಂತ ಅರಿತವರಾಗಿರಬೇಕು. ಆಸ್ಪತ್ರೆಗೆ ಹೋದ ದಿನದ ಹಾಜರಿ ಕಟ್ ಮಾಡಬಾರದು. ಸ್ಕಾಲರ್‌ಶಿಪ್ ವೇಳೆಗೆ ಸರಿಯಾಗಿ ಕೊಡಬೇಕು. ಅದೂ ಮನಸ್ಸಿನ ಔಷಧಿಯೇ. ಬೋರ್ಡು ಇದೆಯಾ ಇಲ್ಲವಾ ಅಂತ ನೀವು ನಾಳೆ ಹೋಗಿ ನೋಡಿ. ಇಲ್ಲದಿದ್ದರೆ ಹತ್ತು ಜನ ಸಹಿ ಹಾಕಿ ಪ್ರಿನ್ಸಿಪಾಲರಿಗೆ, ರಿಜಿಸ್ಟ್ರಾರಿಗೆ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ.

ಅರ್ಜಿಗೆ ಉತ್ತರ ಬರೋವರೆಗೆ ಕಾಯೋಕಾಗದ ಕೆಲಸ ಒಂದಿದೆ. ನಿಮ್ಮ ರೂಮಿನಲ್ಲಿ, ಪಕ್ಕದ ರೂಮಿನಲ್ಲಿ ಊಟಕ್ಕೆ ಬಾರದೆ ಗೋಡೆ ಕಡೆ ಮುಖ ಮಾಡಿ ಮಲಗಿದವರು ಯಾರಾದ್ರೂ ಇದ್ದಾರಾ? ಬುದ್ಧಿ ಹೇಳಬೇಡಿ. ತಟ್ಟೆ ತಗೊಂಡು ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ. 'ನಾಳೆ ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಹೋಗೋಣ ನಡಿ, ಚೀಟಿ ನಾನು ಮಾಡಿಸ್ತೀನಿ' ಅನ್ನಿ. ಅವರ ಜೊತೆ ಸಾಲಿನಲ್ಲಿ ನಿಲ್ಲಿ. ಆಮೇಲೆ ಅವರ ಜೊತೆಗೇ ದೂರು ಬರೆಯೋಕೂ ಕೂತ್ಕೊಳ್ಳಿ.

ಜೈ ಭೀಮ್.