ಹಳೆಯ ಕ್ಯಾಂಪರ್ ವ್ಯಾನಿಗೆ ಬೆಲೆ ಕಟ್ಟುವುದು ಹೇಗೆ?



ಬಸ್ತಿಹಳ್ಳಿಯಂಥ ಊರಿನಲ್ಲಿ ಹಳೆಯ ವ್ಯಾನುಗಳ ಬೆಲೆಯ ಮೇಲೆ ವಿಚಾರ ಸಂಕಿರಣವೇ ಎಂದು ಆಹ್ವಾನ ಪತ್ರಿಕೆ ಓದಿದ ಕೆಲವರು ಹುಬ್ಬೇರಿಸಿದ್ದುಂಟು. ಅವರು ಒಮ್ಮೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ವಾಹನ ನಿಲ್ದಾಣಕ್ಕೆ ಹೋಗಿ ನೋಡಲಿ. ಅಲ್ಲಿ ನಿಂತ ಟೆಂಪೊ ಟ್ರಾವೆಲರ್‌ಗಳಲ್ಲಿ ಕೂಗಳತೆ ದೂರದ ಬಸ್ತಿಹಳ್ಳಿಯತ್ತ ತಿರುಗುವವು ಎಷ್ಟು? ಬೆಂಗಳೂರಿನಿಂದ ನಸುಕಿಗೇ ಹೊರಟ ತಂಡಕ್ಕೆ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ಒಂದೇ ಹಗಲಿನಲ್ಲಿ ಮುಗಿಸುವ ಅವಸರ. ಹೊಯ್ಸಳ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ನಿಂತು, ನುಣುಪಾಗಿ ಕಡೆದ ಆ ಕಂಬಗಳಲ್ಲಿ ತಮ್ಮ ಪ್ರತಿಬಿಂಬ ನೋಡಿಕೊಳ್ಳಲು ಅವರಿಗೆ ಹೊತ್ತಿಲ್ಲ. ರಾತ್ರಿ ಉಳಿಯುವ ಪ್ರವಾಸಿಗೆ ಮಾತ್ರ ಆ ಬಿಡುವು ಸಿಗುತ್ತದೆ. ಮಲಗುವ ಜಾಗವನ್ನು ಜೊತೆಯಲ್ಲೇ ತರುವ ವಾಹನ ಕ್ಯಾಂಪರ್. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಈ ಸೀಮೆಯಲ್ಲಿ ಹೋಟೆಲ್, ಹೋಂ ಸ್ಟೇಗಳ ಲೆಕ್ಕ ಹಾಕುವವರು ಬಹಳ. ವಾಹನದ ಲೆಕ್ಕವನ್ನೂ ಯಾರಾದರೂ ಹಾಕಬೇಕಲ್ಲ.

ನಮ್ಮ ರಸ್ತೆಗಳಲ್ಲಿ ಕಾಣುವ ಕ್ಯಾಂಪರ್ ಎಂದರೆ ಬಹುಪಾಲು ಟ್ರಾವೆಲರ್‌ನ ಮೈ, ಮನೆಯ ಒಳಾಂಗಣ. ಇಂದು ಫೋರ್ಸ್ ಮೋಟರ್ಸ್ ಎನಿಸಿಕೊಂಡಿರುವ, ಆಗಿನ ಬಜಾಜ್ ಟೆಂಪೊ ಕಂಪನಿ 1987ರಲ್ಲಿ ಮರ್ಸಿಡಿಸ್ ವಿನ್ಯಾಸದ ಮೇಲೆ ತಂದ ಗಾಡಿ ಇದು. ಶಾಲಾ ಪ್ರವಾಸ, ಮದುವೆ ದಿಬ್ಬಣ, ಶಬರಿಮಲೆ, ಧರ್ಮಸ್ಥಳ ಎಂದು ಎಂಟು ಹತ್ತು ವರ್ಷ ದುಡಿದ ಮೇಲೆ ಇಂಥ ಗಾಡಿಯೊಂದು ಕೈ ಬದಲಾಗುತ್ತದೆ. ಕೊಂಡವರು ಸೀಟು ಕಿತ್ತು ಮಂಚ, ಒಲೆ, ನೀರಿನ ಟ್ಯಾಂಕು, ಇನ್ವರ್ಟರ್ ಕೂರಿಸುತ್ತಾರೆ. ಹಾಗಾಗಿ ಹಳೆಯ ಕ್ಯಾಂಪರ್‌ನ ಬೆಲೆಯನ್ನು ಹಳೆಯ ಟಿ.ಟಿ.ಯ, ಅಂದರೆ ಟೆಂಪೊ ಟ್ರಾವೆಲರ್‌ನ ಬೆಲೆಯಿಂದ ಬೇರ್ಪಡಿಸಿ ನೋಡಲಾಗದು. ತಳದಲ್ಲಿರುವ ಗಾಡಿ ಕುಸಿದರೆ ಮೇಲಿನ ಮಂಚವೂ ಕುಸಿಯುತ್ತದೆ.

ಮೊದಲು ಬೆಲೆ ಎಂದರೆ ಯಾವ ಬೆಲೆ ಎಂದು ಕೇಳಿಕೊಳ್ಳೋಣ. ಲೆಕ್ಕಕ್ಕೆ ಸುಲಭವಾಗಲೆಂದು 20 ಲಕ್ಷ ರೂಪಾಯಿಗೆ ಕೊಂಡ ಒಂದು ಹಳದಿ ಬೋರ್ಡ್ ಗಾಡಿ ಇಟ್ಟುಕೊಳ್ಳಿ. ಬಾಡಿಗೆಗೆ ಓಡುವ ವಾಹನಕ್ಕೆ ಆದಾಯ ತೆರಿಗೆಯವರು ವರ್ಷಕ್ಕೆ ಶೇ 30ರಂತೆ ಸವಕಳಿ ಕೊಡುತ್ತಾರೆ. ಮೊದಲ ವರ್ಷದ ಕೊನೆಗೆ 14 ಲಕ್ಷ, ಎರಡನೆಯ ವರ್ಷ 9.8 ಲಕ್ಷ, ಹೀಗೆ ಇಳಿದು ಐದನೆಯ ವರ್ಷದ ಕೊನೆಗೆ ಪುಸ್ತಕದಲ್ಲಿ ಉಳಿಯುವುದು ಸುಮಾರು 3.36 ಲಕ್ಷ. ಅದೇ ಗಾಡಿಗೆ ವಿಮಾ ಕಂಪನಿಯ ಕೋಷ್ಟಕ ಬೇರೆ. ನಾಲ್ಕರಿಂದ ಐದು ವರ್ಷದೊಳಗಿನ ವಾಹನಕ್ಕೆ ಅಲ್ಲಿ ಶೇ 50 ಕಡಿತ, ಅಂದರೆ 10 ಲಕ್ಷ. ಅದೂ ನೀವು ಕೊಟ್ಟ ಹಣದ ಮೇಲಲ್ಲ, ವಿಮೆ ನವೀಕರಿಸುವ ದಿನ ತಯಾರಕರು ಹೇಳುವ ಬೆಲೆಯ ಮೇಲೆ. ಮೂರನೆಯದು ಬ್ರೋಕರ್ ಹೇಳುವ ಬೆಲೆ. ಅದು ಗಾಡಿ ನೋಡಿದ ಮೇಲೆ, ನಿಮ್ಮ ಮುಖ ನೋಡಿದ ಮೇಲೆ ಹುಟ್ಟುವಂಥದು. ಒಂದೇ ಗಾಡಿಗೆ ಮೂರು ಬೆಲೆ ಇರುವಾಗ ‘ಏರಿತೋ ಇಳಿಯಿತೋ’ ಎಂಬ ಪ್ರಶ್ನೆಗೆ ಒಂದೇ ಉತ್ತರ ಹೇಗೆ ಬಂದೀತು?

ಈ ಮೂರರ ನಡುವಿನ ಅಂತರಕ್ಕೂ ತೆರಿಗೆಯಿದೆ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಹಳೆಯ ವಾಹನಗಳೆಲ್ಲಕ್ಕೂ ಶೇ 18ರ ಒಂದೇ ದರ ನಿಗದಿ ಮಾಡಿತು. ಅದು ಬೀಳುವುದು ಪೂರ್ತಿ ಬೆಲೆಯ ಮೇಲಲ್ಲ, ಲಾಭಾಂಶದ ಮೇಲೆ. ಅದೂ ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಮಾತ್ರ. ಸವಕಳಿ ಪಡೆದವರಿಗೆ ಲಾಭಾಂಶ ಎಂದರೆ ಮಾರಿದ ಬೆಲೆಗೂ ಪುಸ್ತಕದ ಬೆಲೆಗೂ ಇರುವ ವ್ಯತ್ಯಾಸ. ಮೇಲಿನ ಗಾಡಿಯನ್ನು 9 ಲಕ್ಷಕ್ಕೆ ಮಾರಿದಿರಿ ಎನ್ನಿ. ವ್ಯತ್ಯಾಸ ಸುಮಾರು 5.64 ಲಕ್ಷ, ತೆರಿಗೆ ಸುಮಾರು ಒಂದು ಲಕ್ಷ. ಮಾಲೀಕ ಅದನ್ನು ಬೆಲೆಗೆ ಸೇರಿಸುತ್ತಾನೆ, ಕೊಳ್ಳುವವನು ಅದನ್ನೇ ಹಿಡಿದು ಚೌಕಾಸಿಗೆ ಇಳಿಯುತ್ತಾನೆ. ನೋಂದಣಿಯಿಲ್ಲದ ಮನೆಯೊಡೆಯ ತನ್ನ ಸ್ವಂತ ಬಿಳಿ ಬೋರ್ಡ್ ಕ್ಯಾಂಪರ್ ಮಾರಿದರೆ ಈ ಹೊರೆ ಇಲ್ಲ. ಪಕ್ಕಪಕ್ಕ ನಿಂತ ಎರಡು ಗಾಡಿಗಳ ಬೆಲೆಯಲ್ಲಿ ಲಕ್ಷದ ಅಂತರ ಎಲ್ಲಿಂದ ಬಂತೆಂದು ಹುಡುಕುವ ಸಂಶೋಧಕರು ಎಂಜಿನ್ ನೋಡುವ ಮೊದಲು ಇದನ್ನು ನೋಡಬೇಕು.

ಈಗ ಏರಿಕೆಯ ಮಾತು. ಕೋವಿಡ್ ಕಾಲವನ್ನು ಈ ಸಭೆಯಲ್ಲಿ ಕುಳಿತಿರುವ ಮಾಲೀಕರು ಮರೆತಿರಲಾರರು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕಿನ ಕಂತು ವಿನಾಯಿತಿ ಇತ್ತು, ನಿಜ. ಆದರೆ ಬಡ್ಡಿ ಓಡುತ್ತಲೇ ಇತ್ತು, ಗಾಡಿ ನಿಂತೇ ಇತ್ತು. ಮುಂದಿನ ವರ್ಷ ಚಿಪ್ ಕೊರತೆಯಿಂದ ಹೊಸ ಗಾಡಿ ಸಿಗುವುದು ತಡವಾಯಿತು, ಜನ ಹೊರಗೆ ಹೊರಡಲು ಕಾಯುತ್ತಿದ್ದರು. ಆಗ ಹಳೆಯದಕ್ಕೆ ಬೆಲೆ ಬಂತು. ಇದು ನಮ್ಮೊಬ್ಬರ ಕತೆಯಲ್ಲ. ಅಮೆರಿಕದಲ್ಲಿ 2021ರ ಒಂದೇ ವರ್ಷದಲ್ಲಿ 6,00,240 ಮನೆವಾಹನಗಳು ಕಾರ್ಖಾನೆಯಿಂದ ಹೊರಬಿದ್ದವು, ಅದು ದಾಖಲೆ. 2023ರಲ್ಲಿ ಆ ಸಂಖ್ಯೆ 3,13,174ಕ್ಕೆ ಇಳಿಯಿತು. ಬಡ್ಡಿ ಏರಿತು, ಕಚೇರಿಗಳು ಮತ್ತೆ ಬಾಗಿಲು ತೆರೆದವು, ಅವಸರದಲ್ಲಿ ಕೊಂಡವರು ಮಾರಾಟಕ್ಕೆ ನಿಂತರು. ಜ್ವರದ ಕಾಲದ ಬೆಲೆಯನ್ನೇ ಸಹಜ ಬೆಲೆ ಎಂದು ನಂಬಿ ಸಾಲ ಮಾಡಿದವರಿಗೆ ಪೆಟ್ಟು ಬಿತ್ತು.

ಜರ್ಮನಿಯ ಫೋಕ್ಸ್‌ವ್ಯಾಗನ್ ಕ್ಯಾಂಪರ್ ಹಳತಾದಷ್ಟೂ ಬೆಲೆ ಏರಿಸಿಕೊಂಡಿದೆಯಲ್ಲ ಎಂದು ನಮ್ಮ ಹುಡುಗರು ಕೇಳುತ್ತಾರೆ. ಆ ವ್ಯಾನು 1950ರಲ್ಲಿ ತಯಾರಿಗೆ ಬಂತು, ಬ್ರೆಜಿಲ್‌ನ ಕೊನೆಯ ಕಾರ್ಖಾನೆಯೂ 2013ರಲ್ಲಿ ಅದರ ತಯಾರಿಕೆ ನಿಲ್ಲಿಸಿತು. ಇನ್ನು ಹೊಸದು ಬರುವುದಿಲ್ಲ ಎಂದಾಗ ಸಂಗ್ರಾಹಕರು ಮುಗಿಬೀಳುತ್ತಾರೆ. ಟ್ರಾವೆಲರ್ ಇಂದಿಗೂ ಕಾರ್ಖಾನೆಯಿಂದ ಹೊರಬರುತ್ತಿದೆ. ಹೊಸದು ಷೋರೂಮಿನಲ್ಲಿ ನಿಂತಿರುವಾಗ ಹಳೆಯದನ್ನು ನೆನಪಿಗಾಗಿ ಕೊಳ್ಳುವವರು ಯಾರು?

ಇಳಿಕೆಯ ಕಾರಣಗಳು ಹೆಚ್ಚು ಗಟ್ಟಿಯಾಗಿವೆ. 2025ರ ಸೆಪ್ಟೆಂಬರ್ 22ರಿಂದ ಚಾಲಕ ಸೇರಿ ಹತ್ತು ಅಥವಾ ಹೆಚ್ಚು ಜನ ಕೂರುವ ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹಳೆಯ ತೆರಿಗೆ ಸೇರಿ 20 ಲಕ್ಷವಿದ್ದ ಗಾಡಿ, ಉಳಿದದ್ದೆಲ್ಲ ಹಾಗೇ ಇದ್ದರೆ, ಸುಮಾರು 18.44 ಲಕ್ಷಕ್ಕೆ ಬರುತ್ತದೆ. ಹೊಸದರಲ್ಲಿ ಒಂದೂವರೆ ಲಕ್ಷ ಇಳಿದರೆ ಹಳೆಯದು ನಿಂತಲ್ಲೇ ನಿಲ್ಲದು. ಎರಡನೆಯದು ಎಫ್‌ಸಿ, ಅಂದರೆ ವಾಹನದ ಯೋಗ್ಯತಾ ಪ್ರಮಾಣಪತ್ರ. ಬಾಡಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಹದಿನೈದು ತುಂಬಿದ ಖಾಸಗಿ ಕಾರಿನ ಮರುನೋಂದಣಿ ಶುಲ್ಕವೇ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಜಿಗಿದದ್ದು ಗೊತ್ತೇ ಇದೆ. ಮೂರನೆಯದು ದೆಹಲಿ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ಅಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇರಿದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಗಡುವು ಹತ್ತಿರವಾದ ಗಾಡಿಗಳು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಹಿಡಿದು ಬೇರೆ ರಾಜ್ಯಗಳ ದಾರಿ ಹಿಡಿದವು. ಅಗ್ಗ ಎಂದು ತಂದವರಿಗೆ ಇಲ್ಲಿಯ ತೆರಿಗೆ ಕಟ್ಟಿ ಕೆಎ ನಂಬರ್ ಹಾಕಿಸುವಷ್ಟರಲ್ಲಿ ಅಗ್ಗದ ಸುಖ ಮುಗಿದಿರುತ್ತದೆ.

ಈ ಎಳೆದಾಟದ ನಡುವೆ ಬೆಲೆ ಹಿಡಿದುಕೊಂಡು ನಿಂತ ಗಾಡಿಗಳೂ ಇವೆ. 2020ರ ಏಪ್ರಿಲ್ 1ಕ್ಕೆ ಮೊದಲಿನ ಬಿಎಸ್-4 ಡೀಸೆಲ್ ಗಾಡಿಯನ್ನು ಊರಿನ ಮೆಕ್ಯಾನಿಕ್ ರಸ್ತೆ ಬದಿಯಲ್ಲೇ ಬಿಚ್ಚಿ ಕೂಡಿಸಬಲ್ಲ. ಬಿಎಸ್-6ಕ್ಕೆ ಸ್ಕ್ಯಾನರ್ ಬೇಕು, ಹೊಗೆ ಫಿಲ್ಟರ್ ಕಟ್ಟಿಕೊಂಡರೆ ಕಂಪನಿಯ ಸರ್ವಿಸ್ ಸೆಂಟರೇ ಗತಿ. ಸಕಲೇಶಪುರದ ಘಾಟಿಯಲ್ಲಿ ಕೈಕೊಟ್ಟರೆ ಏನು ಮಾಡುವುದು ಎಂಬ ಭಯವೇ ಹಳೆಯ ಎಂಜಿನ್‌ಗೆ ಬೇಡಿಕೆ ಉಳಿಸಿದೆ.

ಕ್ಯಾಂಪರ್ ಕೊಳ್ಳಲು ಹೋದವರು ನೋಡಬೇಕಾದದ್ದು ಎಂಜಿನ್ ಒಂದನ್ನೇ ಅಲ್ಲ. ಅನುಭವಿ ಕೈ ಮೊದಲು ಹೋಗುವುದು ಒಳಗೋಡೆಯ ಪ್ಲೈವುಡ್ಡಿನ ಕೆಳ ಅಂಚಿಗೆ. ಅಲ್ಲಿ ಉಬ್ಬಿದ್ದರೆ ಮಲೆನಾಡಿನ ಎರಡು ಮಳೆಗಾಲ ಚಾವಣಿಯ ಎಸಿ ಕೂರಿಸಿದ ತೂತಿನಿಂದ ಒಳಗೆ ಇಳಿದಿದೆ ಎಂದರ್ಥ. ಆಮೇಲೆ ನೆಲದ ಮ್ಯಾಟ್ ಎತ್ತಿ ಟ್ಯಾಂಕಿನ ಸುತ್ತ ತುಕ್ಕು ನೋಡುತ್ತಾರೆ. ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋದ ವೈರಿಗೆ ಫ್ಯೂಸ್ ಇದೆಯೇ, ಗ್ಯಾಸ್ ಪೈಪ್ ಅದರ ಪಕ್ಕದಲ್ಲೇ ಹಾದಿದೆಯೇ ಎಂದು ಬೆರಳಿಟ್ಟು ನೋಡುತ್ತಾರೆ. ಕೊನೆಗೆ ಚಾಸಿ ನಂಬರ್ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ನೋಂದಣಿ ಪತ್ರಕ್ಕೆ, ಅಂದರೆ ಆರ್‌ಸಿಗೆ ಹಿಡಿದು ತಾಳೆ ನೋಡುತ್ತಾರೆ. ಬೆಲೆ ನಿಜವಾಗಿ ತೀರ್ಮಾನವಾಗುವುದು ಆ ಆರ್‌ಸಿಯ ಮೇಲೆ.

ಏಕೆಂದರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಇದೆ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿ ಹೇಳಿತು. ಮನೆವಾಹನಕ್ಕೆಂದೇ ಎಐಎಸ್-124 ಎಂಬ ಮಾನದಂಡವಿದೆ, ವಾಹನ ನೋಂದಣಿಯ ‘ವಾಹನ್’ ದಾಖಲೆಯಲ್ಲಿ ಕ್ಯಾಂಪರ್ ವ್ಯಾನ್ ಎಂಬ ವರ್ಗವೂ ಇದೆ. ಆ ದಾರಿಯಲ್ಲಿ ಬಂದ ಗಾಡಿಯ ಆರ್‌ಸಿಯಲ್ಲಿ ಅದು ಕ್ಯಾಂಪರ್ ಎಂದೇ ನಮೂದಾಗಿರುತ್ತದೆ. ಶೆಡ್ಡಿನಲ್ಲಿ ಸೀಟು ಕಿತ್ತು ಮಂಚ ಹಾಕಿದ ಗಾಡಿಯ ಆರ್‌ಸಿ ಮಾತ್ರ ಇನ್ನೂ ಅದನ್ನು ಹದಿಮೂರು ಸೀಟಿನ ಮ್ಯಾಕ್ಸಿಕ್ಯಾಬ್ ಎನ್ನುತ್ತಿರುತ್ತದೆ. ಎಫ್‌ಸಿಗೆ ನಿಲ್ಲಿಸಿದಾಗ, ಅಪಘಾತದ ಮೇಲೆ ವಿಮೆ ಕೇಳಿದಾಗ ಈ ವ್ಯತ್ಯಾಸ ಬಾಯಿ ತೆರೆಯುತ್ತದೆ. ನಾಲ್ಕು ಲಕ್ಷ ಸುರಿದು ಮಾಡಿಸಿದ ಅಡುಗೆಮನೆಗೆ ಮಾರುವ ದಿನ ನಾಲ್ಕು ಕಾಸಿನ ಬೆಲೆ ಸಿಗದಿರುವುದು ಇದೇ ಕಾರಣಕ್ಕೆ.

ಸಿದ್ಧಾಂತದ ಕಡೆಯಿಂದ ನೋಡುವ ವಿದ್ಯಾರ್ಥಿಗಳು ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧವನ್ನು ಓದಬೇಕು. ಹಳೆಯ ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ; ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಗೂ ಸರಾಸರಿ ಗಾಡಿಯ ಬೆಲೆ ಹೇಳುತ್ತಾನೆ, ಒಳ್ಳೆಯ ಗಾಡಿ ಇಟ್ಟುಕೊಂಡವರು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತಾರೆ. ಈ ವಿಚಾರಕ್ಕೆ 2001ರಲ್ಲಿ ನೊಬೆಲ್ ಬಂತು. ಕ್ಯಾಂಪರ್‌ನಲ್ಲಿ ಮುಚ್ಚಿಡುವ ಜಾಗ ಕಾರಿಗಿಂತ ಹೆಚ್ಚು. ಪ್ಲೈವುಡ್ಡಿನ ಹಿಂದೆ ಏನಿದೆ ಎಂದು ಯಾರು ಕಂಡರು?

ಇದಕ್ಕೆ ಮದ್ದು ಮಾಹಿತಿ. ಆ ವಿಷಯದಲ್ಲಿ ನಮ್ಮ ಜಿಲ್ಲೆಯ ತೆಂಗು ಬೆಳೆಗಾರ ವ್ಯಾನ್ ಮಾಲೀಕನಿಗಿಂತ ಎಷ್ಟೋ ಮುಂದಿದ್ದಾನೆ. ಅರಸೀಕೆರೆ, ತಿಪಟೂರು ಎಪಿಎಂಸಿಗಳಲ್ಲಿ ಉಂಡೆ ಕೊಬ್ಬರಿಯ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬುದು ಹರಾಜಿನ ದಿನವೇ ಎಲ್ಲರಿಗೂ ತಿಳಿಯುತ್ತದೆ. 2025ರ ಹಂಗಾಮಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಎಂದು ರೈತನಿಗೆ ಗೊತ್ತಿತ್ತು. ಪೇಟೆಯ ಬೆಲೆಯನ್ನು ಅದರ ಪಕ್ಕದಲ್ಲಿಟ್ಟು ಮಾರುವುದೋ ಕಾಯುವುದೋ ಎಂದು ನಿರ್ಧರಿಸಬಲ್ಲವನಾಗಿದ್ದ. ವ್ಯಾನ್ ಮಾರಾಟಕ್ಕೆ ಇಂಥ ದಾಖಲೆ ಏನಿದೆ? ಮಾಲೀಕತ್ವ ಬದಲಾಗುವಾಗ ನಮೂನೆ 29, ನಮೂನೆ 30 ತುಂಬುತ್ತೇವೆ. ಅವುಗಳಲ್ಲಿ ಎಷ್ಟಕ್ಕೆ ಮಾರಿದಿರಿ ಎಂಬ ಕಾಲಂ ಇಲ್ಲ. ಜಾಲತಾಣಗಳಲ್ಲಿ ಕಾಣುವುದು ಕೇಳಿದ ಬೆಲೆ, ಕೈಗೆ ಬಂದ ಬೆಲೆಯಲ್ಲ.

ಇನ್ನೊಂದು ಸ್ಥಳೀಯ ವಿಷಯ. ಕ್ಯಾಂಪರ್‌ಗೆ ಬೇಡಿಕೆ ಬರಬೇಕಾದರೆ ಅದು ರಾತ್ರಿ ನಿಲ್ಲಲು ಜಾಗ ಬೇಕು: ನೀರು ತುಂಬಲು ನಲ್ಲಿ, ಕೊಳೆನೀರು ಬಿಡಲು ಗುಂಡಿ, ವಿದ್ಯುತ್ ಪ್ಲಗ್ಗು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿಯಂತ್ರಿತ. ಬಸದಿಗಳ ಪಕ್ಕದಲ್ಲೇ ನಿಲ್ದಾಣ ಕಟ್ಟಲಾಗದು, ಕಟ್ಟಲೂಬಾರದು. ಆದರೆ ಆ ಎಲ್ಲೆಯ ಹೊರಗೆ ಪಂಚಾಯಿತಿ ಮನಸ್ಸು ಮಾಡಿದರೆ ಸಾಧ್ಯವಿದೆ. ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿ ವಾಹನದ ಜೊತೆಗೆ ಕ್ಯಾರವಾನ್ ಪಾರ್ಕುಗಳನ್ನೂ ಸೇರಿಸಿತು. ನಿಲ್ಲುವ ಜಾಗವಿಲ್ಲದ ಊರಿನಲ್ಲಿ ಕ್ಯಾಂಪರ್ ಒಂದು ದುಬಾರಿ ಟಿ.ಟಿ. ಅಷ್ಟೇ.

ಈ ಸಂಕಿರಣದ ಗೋಷ್ಠಿಗಳು ಮೂರು ಪ್ರಶ್ನೆಗಳನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಶಯ. ಗಾಡಿಯ ವಯಸ್ಸು, ಓಡಿದ ಕಿಲೋಮೀಟರ್, ಉಳಿದ ಎಫ್‌ಸಿ, ಇವುಗಳಲ್ಲಿ ಬೆಲೆಯನ್ನು ಹೆಚ್ಚು ನಿರ್ಧರಿಸುವುದು ಯಾವುದು? ಶೆಡ್ಡಿನಲ್ಲಿ ಮಾರ್ಪಾಡಾದ ಗಾಡಿಗಳನ್ನು ಕಾನೂನಿನ ಒಳಗೆ ತರಲು ಸಣ್ಣ ಮಾಲೀಕನ ಕೈಗೆಟುಕುವ ದಾರಿ ಯಾವುದು? ನಿಜವಾದ ಮಾರಾಟದ ಬೆಲೆಯನ್ನು ಹೆಸರು ಬಯಲಾಗದಂತೆ ದಾಖಲಿಸುವುದು ಹೇಗೆ?

ನನ್ನ ಅಂದಾಜು ಕೇಳಿದರೆ ಹೇಳಿಬಿಡುತ್ತೇನೆ. ಸಾಧಾರಣ ಹಳೆಯ ಟ್ರಾವೆಲರ್‌ನ ಬೆಲೆ ಮುಂದಿನ ಎರಡು ಮೂರು ವರ್ಷ ಇಳಿಮುಖವೇ. ಆರ್‌ಸಿಯಲ್ಲಿ ಕ್ಯಾಂಪರ್ ಎಂದೇ ಇರುವ, ಎಫ್‌ಸಿ ಉಳಿದಿರುವ ಗಾಡಿಯೂ ಇಳಿಯುತ್ತದೆ, ಆದರೆ ನಿಧಾನವಾಗಿ. ಕಾಗದವಿಲ್ಲದ ಕ್ಯಾಂಪರ್ ಗುಜರಿಯ ತೂಕಕ್ಕೆ ಹತ್ತಿರವಾಗುತ್ತದೆ. ಬೆಲೆ ಏರಲಿ ಎಂದು ಕಾದು ಕುಳಿತವರು ಕಾಯುವುದು ಬೇಡ. ಕೊಳ್ಳಬೇಕೆಂದಿರುವವರು ಅವಸರಪಡುವುದೂ ಬೇಡ.

ಇಲ್ಲಿರುವ ಮಾಲೀಕರಲ್ಲಿ ಒಂದು ವಿನಂತಿ. ನೀವು ಇನ್ನು ಮುಂದೆ ಮಾರುವ ಪ್ರತಿ ಗಾಡಿಯ ವರ್ಷ, ಕಿಲೋಮೀಟರ್, ಎಫ್‌ಸಿ ದಿನಾಂಕ, ಕೈಗೆ ಬಂದ ಹಣ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಈ ವಿದ್ಯಾರ್ಥಿಗಳಿಗೆ ಕೊಡಿ. ಹೆಸರು ಬೇಡ, ನಂಬರ್ ಬೇಡ. ಮುಂದಿನ ಸಂಕಿರಣದಲ್ಲಿ ನಾವು ಅಂದಾಜಿನ ಮೇಲೆ ಮಾತಾಡದೆ ಅಂಕಿಯ ಮೇಲೆ ಮಾತಾಡುವಂತಾಗಲಿ.