ಗಬ್ಬೂರಿನ ಗುಡಿ, ಗಬ್ಬೂರಿನ ಬಾವಿ



ರಾಯಚೂರಿನಲ್ಲಿ ದೇವದುರ್ಗದ ಬಸ್ಸು ಹತ್ತಿದರೆ, ಕಲ್ಮಲಾ ದಾಟಿದ ಮೇಲೆ ಎರೆಹೊಲಗಳ ನಡುವೆ ಗಬ್ಬೂರು ಬರುತ್ತದೆ. ಮೇಲ್ನೋಟಕ್ಕೆ ನಮ್ಮ ಕಡೆಯ ಬೇರೆ ಊರುಗಳಂತೆಯೇ. ಆದರೆ ಒಂದು ಕಾಲಕ್ಕೆ ಇದು ಗೋಪುರಗ್ರಾಮ ಎನಿಸಿಕೊಂಡ ವಿದ್ಯಾಕೇಂದ್ರ. ಶಾಸನಗಳೂ ಇಲ್ಲಿ ಹಲವು ಸಿಕ್ಕಿವೆ.

ವೆಂಕಟೇಶ್ವರ, ಈಶ್ವರ, ಬಂಗಾರ ಬಸಪ್ಪ, ಹನುಮಂತ, ಹೀಗೆ ಊರ ತುಂಬ ಗುಡಿಗಳು. ಎಲ್ಲಕ್ಕೂ ದೊಡ್ಡದು ಮಲೆ ಶಂಕರನ ಕಲ್ಲುಗುಡಿ. ಅದರ ಬಾಗಿಲಲ್ಲಿ ಆನೆಗಳು ಮೊಣಕಾಲೂರಿ ಕೂತಿವೆ. ಒಳಗೆ ಹೋಗುವ ಮುಂಚೆ ಅಲ್ಲಿ ಒಂದು ಗಳಿಗೆ ನಿಲ್ಲಿ. ಅಷ್ಟು ದೊಡ್ಡ ಪ್ರಾಣಿ ನೆಲಕ್ಕೆ ಬಾಗುವುದನ್ನು ಕಣ್ಣಾರೆ ಕಂಡವನೇ ಉಳಿ ಹಿಡಿದಿರಬೇಕು.

ಆದರೂ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಗುಡಿಯ ಹೆಸರು: ಏಳು ಬಾವಿ ಬಸವಣ್ಣ. ದೇವರ ಹೆಸರಿನಲ್ಲೇ ಬಾವಿಗಳ ಲೆಕ್ಕ! ಕೃಷ್ಣೆ, ತುಂಗಭದ್ರೆಯರ ನಡುವಿನ ನೆಲವಾದ್ದರಿಂದ ನಮ್ಮದು ಎಡೆದೊರೆನಾಡು. ಎರಡು ಮಗ್ಗುಲಿಗೆ ಹೊಳೆ ಹರಿದರೂ ನಡುವಿನ ಊರುಗಳಿಗೆ ಆ ನೀರು ಹತ್ತುತ್ತಿರಲಿಲ್ಲ. ಮಳೆಯೂ ಕಡಿಮೆ. ಹಾಗಾಗಿ ಗುಡಿ ಕಟ್ಟಿದವರು ಜೊತೆಗೇ ಹೊಂಡಗಳನ್ನೂ ಕಟ್ಟಿಸಿದರು.

ಚಾಲುಕ್ಯರ ನಂತರ ಬಹಮನಿ, ವಿಜಯನಗರ, ಆದಿಲಶಾಹಿ, ನಿಜಾಮ ಎಂದು ಆಳುವವರು ಬದಲಾಗುತ್ತಲೇ ಹೋದರು. ರಾಯಚೂರು ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನೇ ಬಂದು ಕಾದಿದ. ಯಾರು ಗೆದ್ದರೂ ಊರ ಹೆಂಗಸರು ಕೊಡ ಹಿಡಿದು ಬಾವಿಗೇ ಇಳಿಯಬೇಕಿತ್ತು.

ಕಾಲುವೆ ಬಂದದ್ದು ನಮ್ಮ ಹಿರಿಯರ ಕಣ್ಣೆದುರಿಗೇ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆಯಿಂದ ಮಾನ್ವಿ ಸೀಮೆಯಲ್ಲಿ ಜೋಳದ ಹೊಲಗಳು ಭತ್ತದ ಗದ್ದೆಗಳಾದವು.  ದೇವದುರ್ಗದವರು ಇನ್ನೂ ಕಾಯಬೇಕಾಯಿತು. ಕೃಷ್ಣೆಯ ನಾರಾಯಣಪುರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಬಲದಂಡೆ ಕಾಲುವೆ ಅದರ ಮೇಲಿನ ಮಾತು.

ಕಾಲುವೆ ಬಂದಲ್ಲಿ ಬಾವಿಯ ನೆನಪು ಹೋಗುತ್ತದೆ. ಇದು ಸರಿಯಲ್ಲ; ಕಾಲುವೆಯೂ ಕೈಕೊಡಬಹುದು. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ಕಾಲುವೆಯ ಕೊನೆಭಾಗದ ರೈತರ ಎದೆ ಹೇಗೆ ಹೊಡೆದುಕೊಂಡಿತೆಂದು ನಿಮಗೆ ಗೊತ್ತು.

ಗಬ್ಬೂರಿಗೆ ಹೋದಾಗ ಆನೆಗಳನ್ನು ನೋಡಿ, ಬಾವಿಯನ್ನೂ ಇಣುಕಿ ಬನ್ನಿ. ಮುಂದಿನ ಬೇಸಿಗೆಯೊಳಗೆ ನಿಮ್ಮೂರಿನ ಹಳೆ ಬಾವಿಯ ಹೂಳು ತೆಗೆಸಿ.